ಏಳು ಇಂಚಿನ ಹಾಡು

1908ರಲ್ಲಿ ಅಮೆರಿಕದ ವಿಕ್ಟರ್ ಕಂಪನಿ ಕರೂಸೊ ಸೇರಿ ಆರು ಗಾಯಕರು ಹಾಡಿದ ‘ಲೂಸಿಯಾ’ ಆಪೆರಾದ ಒಂದು ಗ್ರಾಮಫೋನ್ ತಟ್ಟೆಗೆ 7 ಡಾಲರ್ ಬೆಲೆ ಇಟ್ಟಿತ್ತು. ಹಾಡು ಇದ್ದದ್ದು ಒಂದೇ ಬದಿಯಲ್ಲಿ! ಗಾಯಕರ ಕೀರ್ತಿಯೇ ಅಂದು ಬೆಲೆಯ ಅಳತೆಗೋಲು.

ನಾಲ್ಕು ದಶಕಗಳ ಬಳಿಕ, 1949ರ ಮಾರ್ಚ್‌ನಲ್ಲಿ ಆರ್‌ಸಿಎ ವಿಕ್ಟರ್ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ತಟ್ಟೆಯನ್ನು ತಂದಿತು. ಅಗಲ 7 ಇಂಚು, ನಡುವೆ ಒಂದೂವರೆ ಇಂಚಿನ ತೂತು. ಬಿದ್ದರೆ ಒಡೆಯುತ್ತಿದ್ದ ಅರಗಿನ 78 ಆರ್‌ಪಿಎಂ ತಟ್ಟೆಯ ಜಾಗಕ್ಕೆ ಹಗುರವಾದ ವಿನೈಲ್ ಬಂತು. ತಟ್ಟೆಯ ಬಣ್ಣ ನೋಡಿಯೇ ಸಂಗೀತದ ಬಗೆ ತಿಳಿಯಬಹುದಿತ್ತು: ಶಾಸ್ತ್ರೀಯಕ್ಕೆ ಕೆಂಪು, ಕಂಟ್ರಿಗೆ ಹಸಿರು, ಮಕ್ಕಳ ಹಾಡಿಗೆ ಹಳದಿ, ಜನಪ್ರಿಯ ಗೀತೆಗೆ ಕಪ್ಪು.

ಬದಿಗೊಂದು ಹಾಡು. ಇಡೀ ಆಲ್ಬಂಗೆ ದುಡ್ಡು ಸುರಿಯದೆ ಮೆಚ್ಚಿದ ಹಾಡನ್ನಷ್ಟೇ ಮನೆಗೆ ಒಯ್ಯಬಹುದಿತ್ತು.

ತಟ್ಟೆಗಳನ್ನು ದಯವಿಟ್ಟು ಮುಟ್ಟಬೇಡಿ. ಬೆರಳಿನ ಜಿಡ್ಡು ಗೀರುಗಳಿಗೆ ಇಳಿಯುತ್ತದೆ.