ಕುಷ್ಟಗಿ ಬಸ್ಸಿನಲ್ಲಿ ಟ್ರಂಕ್ ಕಾಲ್

ಕೊಪ್ಪಳದಿಂದ ಕುಷ್ಟಗಿಗೆ ಹೊರಟ ಬಸ್ಸು. ಹಿಂದಿನ ಸೀಟಿನ ಅಜ್ಜ ಫೋನು ಹಿಡಿದು, ‘ಹಲೋ, ಕೇಳಸಾಕತ್ತೈತೇನೋ?’ ಅಂತ ಕೂಗಿದರು. ಊರಲ್ಲಿ ಇನ್ನೂ ಮಳೆ ಆಗಿಲ್ಲ ಅನ್ನೋ ಸುದ್ದಿ ಮಂಗಳೂರಿಗೆ ದುಡಿಯೋಕೆ ಹೋದ ಮಗನಿಗಿಂತ ಮೊದಲು ಇಡೀ ಬಸ್ಸಿಗೆ ಮುಟ್ಟಿತು. ನಾನು ಇಯರ್‌ಫೋನ್ ಹುಡುಕಿದೆ.

ಈ ಕೂಗಿಗೂ ಒಂದು ಇತಿಹಾಸ ಇದೆ. ಟ್ರಂಕ್ ಕಾಲ್ ಕಾಲದಲ್ಲಿ ಎಕ್ಸ್‌ಚೇಂಜಿಗೆ ಬುಕ್ ಮಾಡಿ ಕಾಯಬೇಕಿತ್ತು. ಲೈನು ಸಿಕ್ಕರೂ ಆ ಕಡೆಯ ದನಿ ಬಾವಿಯೊಳಗಿಂದ ಬಂದ ಹಾಗೆ. ಕೂಗದೆ ಕೆಲಸ ಆಗ್ತಿರಲಿಲ್ಲ. ಆಮೇಲೆ ಎಸ್‌ಟಿಡಿ ಬೂತು. ಅಲ್ಲೂ ಕೂಗ್ತಿದ್ವಿ, ಆದ್ರೆ ಗಾಜಿನ ಬಾಗಿಲಿತ್ತು, ಕಣ್ಣೆದುರೇ ಓಡೋ ಮೀಟರಿತ್ತು. 1995ರಲ್ಲಿ ದೇಶಕ್ಕೆ ಮೊಬೈಲ್ ಬಂತು, ಬಾಗಿಲು ಹೋಯ್ತು. ಬಂದ ಕರೆಗೂ ದುಡ್ಡು ಕೊಡಬೇಕಿದ್ದರಿಂದ ಮಾತು ಮಾತ್ರ ಗಿಡ್ಡವಾಗಿತ್ತು. 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಗಿ ಆ ಹಿಡಿತವೂ ತಪ್ಪಿತು.

2021ರ ನವೆಂಬರಿನಲ್ಲಿ ಹೈಕೋರ್ಟಿನ ಆದೇಶ ಬಂತು: ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೊಬೈಲಿನಿಂದ ಜೋರಾಗಿ ಹಾಡು, ವಿಡಿಯೊ ಹಾಕುವಂತಿಲ್ಲ, ಹೇಳಿದರೂ ಕೇಳದವರನ್ನು ಇಳಿಸಬಹುದು. (ನಮ್ಮ ಕಡೆ ಬಸ್ಸು ಕಲ್ಯಾಣ ಕರ್ನಾಟಕ ನಿಗಮದ್ದು, ಅದು ಬೇರೆ ಮಾತು.) ಹಾಡು ಹಾಕೋರಿಗೇನೋ ಹೀಗೆ ಹೇಳಬಹುದು. ಅಜ್ಜನಿಗೆ?

ಕಂಡಕ್ಟರ್ ಹೇಳೇ ಬಿಟ್ಟರು: ‘ಯಜ್ಜಾ, ಸಣ್ಣಗ ಮಾತಾಡ್ರಿ.’

‘ಅಂವಗ ಕೇಳಬೇಕಲ್ಲಪ. ಅಲ್ಲಿ ಕಾಂಕ್ರೀಟ್ ಮಷೀನಿನ ಸಪ್ಪಳ ಭಾಳ ಐತಿ.’

ಕಂಡಕ್ಟರ್ ಮುಂದಿನ ಸೀಟಿಗೆ ಟಿಕೆಟ್ ಕೊಡೋಕೆ ಹೋದರು. ನಾನು ಇಯರ್‌ಫೋನ್ ಬ್ಯಾಗಿಗೆ ಹಾಕಿದೆ.