ಪಾಲ್ಕಿಗುಂಡಿನ ಗಾಳಿ

ನಮ್ಮ ಕೊಪ್ಪಳಕ್ಕೆ ಕಡಲಿಲ್ಲ. ಆದರೆ ಗಾಳಿ ಬೇಕಿದ್ದರೆ ಪಾಲ್ಕಿಗುಂಡು ಹತ್ತಿ ನೋಡಿ! ಹುಬ್ಬಳ್ಳಿಯಿಂದ ಗಂಗಾವತಿಗೆ ಹೊರಟಿದ್ದ ನಾನೂ ಗೆಳೆಯನೂ ಕೊಪ್ಪಳದ ಹೊರಗೆ ಬೈಕ್ ನಿಲ್ಲಿಸಿ ಬೆಟ್ಟ ಏರಿದೆವು.

ಎರಡು ಬಂಡೆಗಳ ಮೇಲೆ ಚಪ್ಪಡಿಯೊಂದು ಪಲ್ಲಕ್ಕಿಯ ಚಾವಣಿಯ ಹಾಗೆ ಕೂತಿದೆ. ಅದರಡಿ ಅಶೋಕನ ಶಾಸನ. ಕ್ರಿ.ಪೂ. 3ನೇ ಶತಮಾನದ್ದು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಪತ್ತೆಯಾದದ್ದು 1931ರಲ್ಲಿ. ಹುಡುಕಿದ್ದೇ ಹುಡುಕಿದ್ದು, ಕಂಡದ್ದು ನಾಲ್ಕಾರು ಗೀರು. ಬಹುಪಾಲು ಸವೆದುಹೋಗಿದೆ.

ಪುಣ್ಯಕ್ಕೆ ಅದೇ ಒಕ್ಕಣೆ ಹತ್ತಿರದ ಗವಿಮಠದ ಬಂಡೆಯ ಮೇಲೆ ಚೆನ್ನಾಗಿ ಉಳಿದಿದೆ. (ನಮ್ಮ ಆಫೀಸಿನ ಭಾಷೆಯಲ್ಲಿ ಬ್ಯಾಕಪ್!) ದೊಡ್ಡವರಿಗಷ್ಟೇ ಅಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಕ್ಕೀತು ಅನ್ನುತ್ತಾನೆ ದೊರೆ. ಈ ಮಾತು ಇಲ್ಲಷ್ಟೇ ಇದ್ದಿದ್ದರೆ?

ಬಿಸಿಲೇರುವ ಮೊದಲೇ ಇಳಿದು ಗವಿಮಠದತ್ತ ಹೊರಟೆವು.