ಧಣಿ

ಧನ ಉಳ್ಳವನು ಎಂಬರ್ಥದ ಸಂಸ್ಕೃತದ ‘ಧನಿ’ಯೇ ಕನ್ನಡದಲ್ಲಿ ‘ಧಣಿ’. ನಕಾರ ಣಕಾರವಾದಂತೆ ಅರ್ಥವೂ ಸರಿದು, ಬರೀ ಹಣವಂತನಾಗಿದ್ದವನು ಒಡೆಯನಾದ, ಅನ್ನ ಕೊಡುವವನಾದ. ಅರಬ್ಬಿ ಮೂಲದ ‘ಮಾಲೀಕ’ ಆಸ್ತಿಯ ಹಕ್ಕನ್ನಷ್ಟೇ ಹೇಳುತ್ತದೆ. ಧಣಿಯಲ್ಲಿ ಸಾಕುವ ಹೊಣೆಯೂ ಸೇರಿದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ದೀಪಾವಳಿ ಹೊತ್ತಿನ ಹೋರಿ ಹಬ್ಬ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋರಿಯ ಖರೀದಿ, ಮೇವು, ತಾಲೀಮು, ಕೊರಳಿನ ಕೊಬ್ಬರಿ ಹಾರ ಎಲ್ಲದರ ಖರ್ಚು ಸಾಕಿದವರದು. ಆದರೆ ಅದಕ್ಕೆ ಹೆಸರು ತರುವವರು, ಅದರ ಹೆಸರಿನ ಅಂಗಿ ತೊಟ್ಟು ಊರೂರು ತಿರುಗುವ ಅಭಿಮಾನಿಗಳು.

ಫುಟ್‌ಬಾಲ್‌ನಲ್ಲಿ ತೂಕ ಅಭಿಮಾನಿಗಳಿಗಿಂತ ದುಡ್ಡು ಹಾಕುವವರ ಕಡೆಗೇ ವಾಲಿದೆ. ರಷ್ಯಾದ ಸಿರಿವಂತ ರೋಮನ್ ಅಬ್ರಮೊವಿಚ್ 2003ರಲ್ಲಿ ಕೊಂಡ ಚೆಲ್ಸಿ, 50 ವರ್ಷಗಳ ಬಳಿಕ 2005ರಲ್ಲಿ ಇಂಗ್ಲೆಂಡಿನ ಲೀಗ್ ಗೆದ್ದಿತು. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಕಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಅದರ ಅಭಿಮಾನಿಗಳಾದ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗದ ಕೂಗು ಆಟಗಾರನಿಗೆ ಹುರುಪು ಕೊಟ್ಟೀತು. ಸಂಬಳ ಕೊಡುವುದು ಕಂಪನಿಯೇ.

ಪತ್ರಿಕೆಗಳು ಇಂಥ ತಂಡಗಳ ಒಡೆಯರನ್ನು ಮಾಲೀಕರೆಂದೇ ಬರೆಯುತ್ತವೆ, ಅದು ಸರಿಯೇ. ಸೋತ ವರ್ಷಗಳಲ್ಲೂ ತಂಡವನ್ನು ಕೈಬಿಡದವರನ್ನು ಮಾತ್ರ ನಾನು ಧಣಿ ಎಂದೇನು.